ಜೋಗೇಶ್ವರಿ ನಾಕಾದ ಸಿಹಿನೀರು

ಶಿವಕುಮಾರಿಯನ್ನು ಮೊದಲ ಸಲ ನೋಡಿದಾಗ ಅವಳು ಮುನ್ಸಿಪಾಲ್ಟಿ ಚುನಾವಣೆಗೆ ನಿಂತಿದ್ದಾಳೆ ಎಂದೇ ನಾನು ತಿಳಿದಿದ್ದೆ. ತಪ್ಪು ನನ್ನದಲ್ಲ. ಜೋಗೇಶ್ವರಿಯ ಫ್ಲೈಓವರ್ ಕೆಳಗೆ, ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾದಲ್ಲಿ, ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಹಾಕಿತ್ತು. ಕುರ್ಚಿಗಳ ಮೇಲೆ ಸಿಮೆಂಟು ಹೊರುವ ಹೆಂಗಸರು ಕೂತಿದ್ದರು. ಎದುರಿಗೆ ಮೇಜು, ಮೇಜಿನ ಮೇಲೆ ಸಿಹಿನೀರು ತುಂಬಿದ ಗ್ಲಾಸುಗಳು. ಮುಂಬಯಿಯಲ್ಲಿ ಬಡವರನ್ನು ಯಾರಾದರೂ ಕುರ್ಚಿ ಹಾಕಿ ಕೂರಿಸಿ ಸಿಹಿ ಕುಡಿಸಿದರೆ ಅದಕ್ಕೆ ಒಂದೇ ಕಾರಣ. ಚುನಾವಣೆ ಆಗ ವರ್ಷಗಟ್ಟಲೆ ಮುಂದೆ ಹೋಗುತ್ತಿತ್ತು, ನಿಜ. ಆದರೆ ದಿನಾಂಕ ಮುಂದೆ ಹೋಯಿತೆಂದು ಅಭ್ಯರ್ಥಿಗಳು ಹಿಂದೆ ಹೋಗುವ ಊರಲ್ಲ ಇದು.

ಹತ್ತಿರ ಹೋದರೆ ಕಲಬುರಗಿ ಸೀಮೆಯ ಕನ್ನಡ ಕಿವಿಗೆ ಬಿತ್ತು. ನಮ್ಮವಳೇ ನಿಂತಿದ್ದಾಳಲ್ಲ ಎಂದು ಎದೆಯುಬ್ಬಿತು. ಮೇಜಿನ ಹಿಂದೆ ಒಬ್ಬಳು ಸಣಕಲು ಹೆಂಗಸು, ಮೂವತ್ತು ದಾಟಿದವಳು, ಬಗ್ಗಿ ಗ್ಲಾಸುಗಳಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದಳು.

"ಯಾವ ಪಕ್ಷ ತಾಯಿ?" ಎಂದೆ.

"ಯಾವ್ದೂ ಇಲ್ರಿ ಕಾಕಾ."

"ಓಹೋ, ಸ್ವತಂತ್ರ!"

"ಇಲ್ರೀ. ಟ್ರೇನಿ."

ರಾಜಕೀಯದಲ್ಲೂ ಟ್ರೇನಿಂಗ್ ಬಂತಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು, "ಹಾಗಾದರೆ ನನಗೂ ಒಂದು ಗ್ಲಾಸ್ ಕೊಡಮ್ಮ" ಎಂದೆ.

"ಕುಡೀರಿ. ಆದ್ರ ಎರಡು ತಾಸು ಇಲ್ಲೇ ಕೂಡ್ಬೇಕು. ಆಮ್ಯಾಗ ರಕ್ತ ತಗೋತೀನಿ."

"ಎಲ್ಲ ಪಕ್ಷದವರೂ ಅದನ್ನೇ ಮಾಡೋದು. ನೀನೊಬ್ಬಳು ಮೊದಲೇ ಹೇಳುತ್ತೀಯ, ಅಷ್ಟೇ ವ್ಯತ್ಯಾಸ."

ಅವಳು ನಗಲಿಲ್ಲ. ನನ್ನ ಚಟಾಕಿಗೆ ನಗದವರ ಬಗ್ಗೆ ನನಗೆ ಸಹಜವಾಗಿಯೇ ಅನುಮಾನ. ಆದರೆ ಮುಂದಿನ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಮುದುಕಿ ನಕ್ಕಳು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ನನ್ನ ಮಗಳ್ರೀ ಆಕಿ. ಸಕ್ಕರಿ ಬ್ಯಾನಿದು ಓದ್ಲತ್ತಾಳ. ಇಲಿ ಮ್ಯಾಲ ಓದೂದು ಮುಗೀತು, ಈಗ ನಮ್ಮ ಮ್ಯಾಲ ಓದ್ಲತ್ತಾಳ."

ಹೀಗೆ ನನಗೆ ಇಂದ್ರಾಬಾಯಿಯ ಪರಿಚಯವೂ ಆಯಿತು. ಮುಂದೆ ನಡೆದದ್ದರಲ್ಲಿ ಅರ್ಧವನ್ನು ನಾನು ಕಣ್ಣಾರೆ ನೋಡಿದೆ, ಉಳಿದರ್ಧವನ್ನು ತಾಯಿ ಮಗಳ ಬಾಯಿಂದ ಕೇಳಿದೆ.

ಶಿವಕುಮಾರಿ ಹುಟ್ಟಿದ್ದು ಜೋಗೇಶ್ವರಿಯ ಗುಡ್ಡದ ಮೇಲಿನ ಚಾಳಿನಲ್ಲಿ. ಅಪ್ಪ ಬಸವಂತರಾಯ ಗೌಂಡಿ, ತೀರಿಕೊಂಡು ಬಹಳ ವರ್ಷಗಳಾದವು. ತಾಯಿ ಇಟ್ಟಿಗೆ, ಉಸುಕು, ಸಿಮೆಂಟು ಹೊತ್ತು ಮಗಳನ್ನು ಓದಿಸಿದಳು. ಮಗಳು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಶುರು ಮಾಡಿದವಳು ನಿಲ್ಲಿಸುವುದನ್ನು ಮರೆತಳು. ಬಿ.ಎಸ್ಸಿ. ಆಯಿತು, ಎಂ.ಎಸ್ಸಿ. ಆಯಿತು, ಪಿಎಚ್.ಡಿ. ಆಯಿತು. ಆಮೇಲೂ "ಎಲ್ಲಿಗೆ ಹೊಂಟಿ?" ಅಂದರೆ "ಟ್ರೇನಿಂಗಿಗೆ" ಎನ್ನುತ್ತಾಳೆ. ಪಕ್ಕದ ಖೋಲಿಯ ರಾಚವ್ವನಿಗೆ ಇದು ಅರ್ಥವಾಗಲಿಲ್ಲ. "ನಮ್ಮ ಅನಿಲ ಎಂಟನೇತ್ತ ಫೇಲ್ ಆಗಿ ತಿಂಗಳದಾಗ ರಿಕ್ಷಾ ಕಲ್ತ. ಇಷ್ಟು ಓದಿ ಇನ್ನಾ ಕಲೀಲತ್ತಾಳಂದ್ರ ತಲಿ ಎಷ್ಟು ಮಂದ ಇದ್ದೀತು ನೋಡ್ರಿ!"

ಇದಕ್ಕೆ ಪೋಸ್ಟ್‌ಡಾಕ್ ಎನ್ನುತ್ತಾರೆ. ಪಿಎಚ್.ಡಿ. ಮುಗಿದು ನೌಕರಿ ಸಿಗುವ ತನಕ ದೊಡ್ಡ ವಿಜ್ಞಾನಿಯೊಬ್ಬರ ಕೈಕೆಳಗೆ ಮಾಡುವ ಸಂಶೋಧನೆಯ ತರಬೇತಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಿಶ್ಚಿತಾರ್ಥ ಆದೊಡನೆ ಮದುವೆಗೆ ಮೊದಲೇ ಅತ್ತೆಯ ಮನೆಗೆ ಬಂದು ಪಾತ್ರೆ ತೊಳೆಯಲು ನಿಂತ ಹುಡುಗಿಯ ಸ್ಥಿತಿ. ಸೊಸೆಯ ಕೆಲಸವೆಲ್ಲ ಉಂಟು, ತಾಳಿ ಇಲ್ಲ. ಮುಹೂರ್ತ ಮಾವನ ಕೈಯಲ್ಲಿ.

ಶಿವಕುಮಾರಿಯ ಮಾವ, ಅಂದರೆ ಅವಳ ಬಾಸ್, ಡಾ. ಶಶಿಕಾಂತ. ಮಧುಮೇಹ, ಹಾರ್ಮೋನು, ಚಯಾಪಚಯ ಇವುಗಳ ಬಗ್ಗೆ ಸಂಶೋಧನೆ ನಡೆಸುವ ದೊಡ್ಡ ಸಂಸ್ಥೆಯೊಂದರಲ್ಲಿ ಹಿರಿಯ ವಿಜ್ಞಾನಿ. ಕನ್ನಡದ ಮನೆಯವರೇ, ಆದರೆ ದಾದರಿನಲ್ಲಿ ಹುಟ್ಟಿ ಬೆಳೆದು ಕನ್ನಡವನ್ನು ತಾಯಿಗೆ, ಇಲ್ಲವೆ ಏನಾದರೂ ಕೆಲಸ ಆಗಬೇಕಾದವರಿಗೆ ಮಾತ್ರ ಎಂದು ತೆಗೆದಿಟ್ಟವರು. ವಿನಯದ ಮೇಲೆ ಒಂದು ಗಂಟೆಯ ಉಪನ್ಯಾಸ ಕೊಡುತ್ತಾರೆ. ಅದರ ಮೊದಲ ನಲವತ್ತು ನಿಮಿಷ ಅವರಿಗೆ ಬಂದ ಪ್ರಶಸ್ತಿಗಳ ಪರಿಚಯ. ಟ್ರೇನಿಗಳಿಗೆ ಸಂಶೋಧನೆಯ ನೀತಿಶಾಸ್ತ್ರವನ್ನು ಕಲಿಸುವವರೂ ಅವರೇ. ಆ ಕೋರ್ಸ್ ಮುಗಿಸಿದ್ದಕ್ಕೆ ಅವರ ರುಜುವಿರುವ ಸರ್ಟಿಫಿಕೇಟು ಶಿವಕುಮಾರಿಯ ಖೋಲಿಯಲ್ಲಿ ಬಸವಂತರಾಯನ ಫೋಟೋದ ಪಕ್ಕ ತೂಗುತ್ತಿದೆ. ಇಬ್ಬರಿಗೂ ಇಂದ್ರಾಬಾಯಿ ದಿನಾ ಊದುಬತ್ತಿ ಹಚ್ಚುತ್ತಾಳೆ.

ಮೊದಲ ಎರಡು ವರ್ಷ ಅವಳ ಕೆಲಸ ಇಲಿಗಳದ್ದು. ಇಲಿಗಳಿಗೆ ಡಾಲ್ಡಾ, ಸಕ್ಕರೆ ತಿನ್ನಿಸಿ ಕೊಬ್ಬಿಸಿ, ಸಕ್ಕರೆ ಕಾಯಿಲೆ ಬರಿಸಿ, ಬಾಲದ ತುದಿಯಿಂದ ರಕ್ತ ತೆಗೆದು ಹಾರ್ಮೋನು ಅಳೆಯುವುದು. ಇಂದ್ರಾಬಾಯಿ ಒಮ್ಮೆ ಕೇಳಿದ್ದಳಂತೆ: "ತುಪ್ಪ ತಿನ್ಸಿ ರೋಗ ತರಿಸಿ, ಆಮ್ಯಾಗ ಔಷಧ ಹುಡುಕ್ತೀರಿ. ಮೊದಲ ತಿನ್ನಸೂದೇ ಬಿಟ್ರ ಆಗಂಗಿಲ್ಲೇನು?" ಮಗಳು "ಆಗ ನನಗ ನೌಕರಿ ಇರಂಗಿಲ್ಲವ್ವಾ" ಎಂದಿದ್ದಳು. ತಾಯಿಗೆ ವಿಜ್ಞಾನ ಅರ್ಥವಾಯಿತು.

ಆಮೇಲೆ ಡಾ. ಶಶಿಕಾಂತರಿಗೆ ಒಂದು ಸಿದ್ಧಾಂತ ಹೊಳೆಯಿತು. ಅವರು ಕಾರಿನಲ್ಲಿ ಹೋಗುವಾಗ ಕಟ್ಟಡವೊಂದರ ಮೆಟ್ಟಿಲೇರುತ್ತಿದ್ದ ನಮ್ಮ ಕಡೆಯ ಹೆಂಗಸರು ಕಂಡರಂತೆ. ತಲೆಯ ಮೇಲೆ ಇಟ್ಟಿಗೆ, ಕೈಯಲ್ಲಿ ಕೂಸು. ಸಾಮಾನ್ಯ ಮನುಷ್ಯನಿಗೆ ಇದನ್ನು ನೋಡಿದರೆ ಬೇರೇನೋ ಅನ್ನಿಸಬಹುದು. ಅವರಿಗೆ ಸ್ನಾಯು ಅನ್ನಿಸಿತು. ತಲೆತಲಾಂತರದ ದುಡಿತದಿಂದ ಈ ಜನರ ಸ್ನಾಯು ರಕ್ತದ ಸಕ್ಕರೆಯನ್ನು ಗಟಗಟನೆ ನುಂಗುತ್ತದೆ, ಇವರಿಗೆ ಮಧುಮೇಹ ಬರುವುದಿಲ್ಲ ಎಂಬುದು ಸಿದ್ಧಾಂತ. ಹೆಸರೂ ಇಟ್ಟರು: ಡೆಕ್ಕನ್ ಮಸಲ್. ಇನ್ನು ಉಳಿದದ್ದು ಪುರಾವೆ. ಅದು ಟ್ರೇನಿಯ ಕೆಲಸ.

"ಶಿವಾ, ಇವರು ನಿನ್ನ ಜನ. ನಿನ್ನ ಮಾತು ಕೇಳ್ತಾರೆ" ಎಂದರು. "ಈ ಪೇಪರ್ ಆದರೆ ಡಿಪಾರ್ಟ್‌ಮೆಂಟಿನ ಪರ್ಮನೆಂಟ್ ಸೈಂಟಿಸ್ಟ್ ಪೋಸ್ಟ್ ನಿನ್ನದೇ. ಒಂದೇ ಪೋಸ್ಟ್ ಇರೋದು. ನಾನು ಹೇಳಿದರೆ ಕಮಿಟಿ ಇಲ್ಲ ಅನ್ನೋದಿಲ್ಲ."

ಮೂವತ್ಮೂರು ವರ್ಷದವಳಿಗೆ, ಜೀವನದಲ್ಲಿ ಮೊದಲ ಸಲ, ತಾಳಿ ಕಣ್ಣಿಗೆ ಕಂಡಿತು. ಅವಳು ಅದಕ್ಕಾಗಿ ಏನು ಬೇಕಾದರೂ ಮಾಡುತ್ತಿದ್ದಳು. ಮಾಡಿದ್ದು ಇಷ್ಟೇ: ಭಾನುವಾರ ಭಾನುವಾರ ನಾಕಾಕ್ಕೆ ಹೋಗಿ ಮೇಜು ಹಾಕಿದಳು.

ಪರೀಕ್ಷೆಯ ಪದ್ಧತಿ ಡಾ. ಶಶಿಕಾಂತರದ್ದೇ. ಸಾಮಾನ್ಯವಾಗಿ ಬರಿಹೊಟ್ಟೆಯಲ್ಲಿ ಒಂದು ಸಲ, ಗ್ಲುಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ಇನ್ನೊಂದು ಸಲ ರಕ್ತ ತೆಗೆಯುತ್ತಾರೆ. ಕೂಲಿ ಹೆಂಗಸರು ಎರಡೆರಡು ಸಲ ಚುಚ್ಚಿಸಿಕೊಳ್ಳಲು ಒಪ್ಪುವುದಿಲ್ಲ ಎಂದು, ಅವರಲ್ಲಿ ಒಬ್ಬಳನ್ನೂ ಕೇಳದೆ, ಅವರು ತೀರ್ಮಾನಿಸಿದರು. ಹಾಗಾಗಿ ಒಂದೇ ಸೂಜಿ. ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಗ್ಲಾಸು ಕುಡಿಯಬೇಕು, ಎರಡು ತಾಸು ಕೂರಬೇಕು, ರಕ್ತ ಕೊಟ್ಟು ಹೋಗಬೇಕು. ಸಂಖ್ಯೆ ನೂರಾ ನಲವತ್ತರ ಕೆಳಗಿದ್ದರೆ ನೀನು ಗಟ್ಟಿ.

ಮೊದಲ ಗ್ಲಾಸು ಇಂದ್ರಾಬಾಯಿಯದು. ತಾಯಿ ಕುಡಿದರೆ ಉಳಿದವರೂ ಕುಡಿಯುತ್ತಾರೆ ಎಂಬ ಲೆಕ್ಕ. ಅವಳ ಸಂಖ್ಯೆ ನೂರಾ ಮೂವತ್ತಾರು. "ಅವ್ವಾ, ನಿನಗ ಸಕ್ಕರಿ ಇಲ್ಲ" ಎಂದು ಮಗಳು ಎಲ್ಲರ ಮುಂದೆ ಹೇಳಿದಳು. ಅವ್ವ ಅಲ್ಲೇ ಎಲ್ಲರಿಗೂ ಕೈಮುಗಿದಳು.

ಸಂಖ್ಯೆಗಳು ಭಾನುವಾರದಿಂದ ಭಾನುವಾರಕ್ಕೆ ಚೆಲುವಾಗುತ್ತ ಹೋದವು. ಡಾ. ಶಶಿಕಾಂತರ ಸಿದ್ಧಾಂತಕ್ಕಿಂತ ಹೆಂಗಸರು ಗಟ್ಟಿಯಿದ್ದರು. ಕೆಲವರ ರಕ್ತವಂತೂ ಗ್ಲುಕೋಸನ್ನು ಕಂಡೇ ಇಲ್ಲವೆಂಬಂತೆ ಇತ್ತು. ಈ ವಾಕ್ಯವನ್ನು ಡಾ. ಶಶಿಕಾಂತರು ಸಭೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದರು, ಪೇಪರಿನಲ್ಲೂ ಬರೆದು ಪತ್ರಿಕೆಗೆ ಕಳಿಸಿದರು. ಅದು ಅಕ್ಷರಶಃ ನಿಜವೆಂದು ಅವರಿಗೆ ಗೊತ್ತಿರಲಿಲ್ಲ.

ಸುದ್ದಿ ಘಾಟ್ಕೋಪರಿಗೆ ಮುಟ್ಟಿತು. ಅಲ್ಲಿ ನಮ್ಮ ಭೀಮಾತೀರ ಕನ್ನಡ ಬಳಗವಿದೆ. ಅಧ್ಯಕ್ಷರು ಶರಣಬಸಪ್ಪನವರು, ಲೇಬರ್ ಕಾಂಟ್ರಾಕ್ಟರು. ಜೋಗೇಶ್ವರಿ ನಾಕಾದಿಂದ ಟೆಂಪೋ ತುಂಬಿಸಿಕೊಂಡು ಹೋಗುವುದು ಅವರದೇ ಜನ. ಅಧ್ಯಕ್ಷರಿಗೆ ಸ್ವತಃ ಸಕ್ಕರೆ ಕಾಯಿಲೆಯಿದೆ. ಅದನ್ನು ಅವರು ಕಾರು, ಫ್ಲ್ಯಾಟುಗಳ ಜೊತೆಗೆ ಏಳಿಗೆಯ ಲೆಕ್ಕದಲ್ಲೇ ಹೇಳಿಕೊಳ್ಳುತ್ತಾರೆ. ಅವರು ಸನ್ಮಾನ ಸಮಾರಂಭ ಇಟ್ಟರು. ನಾನೂ ಹೋಗಿದ್ದೆ. ಊಟವಿತ್ತು.

"ನಮ್ಮ ಹೆಣ್ಮಕ್ಕಳಿಗೆ ಸಕ್ಕರಿ ಹತ್ತಂಗಿಲ್ಲ!" ಎಂದು ಶರಣಬಸಪ್ಪನವರು ಮೈಕು ಹಿಡಿದು ಗುಡುಗಿದರು. "ಯಾಕ ಹತ್ತಂಗಿಲ್ಲ? ದುಡೀತಾರ! ಮೂರನೇ ಮಜಲಿಗೆ ಇಟ್ಟಂಗಿ ಹೊರ್ತಾರ! ಮೊನ್ನೆ ಒಬ್ಬ ಎಂಜಿನಿಯರ ಬಂದು ಲಿಫ್ಟ್ ಹಾಕ್ಸು ಅಂದ. ನಾ ಅಂದೆ, ಲಿಫ್ಟ್ ಹಾಕ್ಸಿ ನಮ್ಮ ತಾಯಂದಿರಿಗೆ ರೋಗ ತರಿಸ್ಲೇನೋ ಮಗನ? ಹಂಗ ನೋಡಿದ್ರ ನಾನೂ ಒಬ್ಬ ಡಾಕ್ಟರ. ಇವ್ರಿಗೆ ದಿನಾ ಔಷಧ ಕೊಡಾಂವ ನಾನು!"

ಕೂಲಿಯನ್ನು ಕೊಡುವವರು ಎಂದು ಗೊತ್ತಿತ್ತು. ಔಷಧವನ್ನೂ ಅದರಲ್ಲೇ ಸೇರಿಸಿದ್ದು ಆವತ್ತು ತಿಳಿಯಿತು.

ಎಲ್ಲ ಹೆಂಗಸರ ಪರವಾಗಿ ಇಂದ್ರಾಬಾಯಿಗೆ ಶಾಲು. ಅವಳು ವೇದಿಕೆಯ ಮೆಟ್ಟಿಲನ್ನು ಒಂದು ಕಾಲಿನಲ್ಲಿ ಹತ್ತಿ ಇನ್ನೊಂದನ್ನು ಎಳೆದುಕೊಂಡಳು. ಎಡಗಾಲಿನ ಬೆರಳಿಗೆ ಹಳೆಯ ರವಿಕೆಯ ಬಟ್ಟೆ ಸುತ್ತಿತ್ತು. ಡಾ. ಶಶಿಕಾಂತರು ಅವಳ ಪಕ್ಕ ನಿಂತು ಫೋಟೋಗೆ ಅಣಿಯಾದರು. "ಮಾ ಜೀ, ಕೈ ಹೀಗೆ ಮಡಿಸಿ, ಮಸಲ್ ತೋರಿಸಿ" ಎಂದರು. ಎಪ್ಪತ್ತರ ಹತ್ತಿರದ ಮುದುಕಿ ಶಾಲಿನೊಳಗಿಂದ ಕೈ ತೆಗೆದು ಮಡಿಸಿದಳು. ತೋಳಿನಲ್ಲಿ ಚರ್ಮ ಜೋತುಬಿತ್ತು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಎಲ್ಲರೂ ತಟ್ಟುವಾಗ ಕೈ ತಾನಾಗಿ ಏಳುತ್ತದೆ.

ಕೆಳಗಿಳಿದ ಮೇಲೆ ಶಿವಕುಮಾರಿ ಕೇಳಿದಳು: "ಅವ್ವಾ, ಬೆರಳಿಗ್ಯಾಕ ಇನ್ನಾ ಅರಬಿ ಸುತ್ತಿದಿ? ತಿಂಗಳಾತಲ್ಲ?"

"ಸಿಮೆಂಟ್ ಸುಟ್ಟದ. ಮಾಯತದ ತಗೋ. ಸಕ್ಕರಿ ಇದ್ದೋರಿಗೆ ಮಾಯಂಗಿಲ್ಲಂತ. ನನಗ ಇಲ್ಲಂತ ನೀನೇ ಹೇಳಿದ್ಯಲ್ಲ."

ಮಗಳಿಗೂ ಅದೇ ಸರಿ ಅನ್ನಿಸಿತು. ತನ್ನ ಕೈಯಾರೆ ತೆಗೆದ ರಕ್ತ, ತಾನೇ ಓದಿದ ಸಂಖ್ಯೆ. ಬೇರೆ ಯಾರದೇ ತಾಯಿಯಾಗಿದ್ದರೆ ಅವಳು ಬಟ್ಟೆ ಬಿಚ್ಚಿಸಿ ನೋಡುತ್ತಿದ್ದಳು.

ಎರಡು ವಾರದ ಮೇಲೆ ಬೆರಳು ಕಪ್ಪಾಯಿತು, ವಾಸನೆ ಬಂತು. ಮುನ್ಸಿಪಾಲ್ಟಿ ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದರು. ನಾನೂರು ದಾಟಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರ ಹುಡುಗಿ ಶಿವಕುಮಾರಿಗೆ ಬೈದಳು: "ಓದಿದವರ ಹಾಗೆ ಕಾಣ್ತೀರಿ. ಮನೆಯಲ್ಲಿ ಒಬ್ಬರಿಗೂ ಡಯಾಬಿಟೀಸ್ ಬಗ್ಗೆ ಗೊತ್ತಿಲ್ಲವೇ?"

ಶಿವಕುಮಾರಿ ಗೊತ್ತಿಲ್ಲ ಎಂದಳು.

ಬೆರಳು ತೆಗೆದರು. ಮಾರನೆಯ ದಿನ ಅವಳು ತಾಯಿಯ ಮಂಚದ ಪಕ್ಕ ಕೂತು ಲೆಕ್ಕ ಹಾಕಿದಳು. ಗ್ಲುಕೋಸ್ ಕುಡಿದ ಎರಡು ತಾಸಿನ ಮೇಲೆ ನೂರಾ ಮೂವತ್ತಾರು ಬಂದರೆ ಅದು ಆರೋಗ್ಯ. ಏನೂ ಕುಡಿಯದೆ, ಬರಿಹೊಟ್ಟೆಯಲ್ಲಿ ಅದೇ ನೂರಾ ಮೂವತ್ತಾರು ಬಂದರೆ ಅದು ಕಾಯಿಲೆ.

"ಅವ್ವಾ, ಆವತ್ತು ಗ್ಲಾಸ್ ಕುಡಿದಿದ್ದಿಲ್ಲ?"

"ಕುಡಿದೆ."

"ಪೂರಾ?"

ಇಂದ್ರಾಬಾಯಿ ಪಕ್ಕದಲ್ಲಿ ಕೂತಿದ್ದ ತಾಜಬಿಯ ಮುಖ ನೋಡಿದಳು. ತಾಜಬಿ ಅದೇ ಚಾಳಿನವಳು, ಟೈಲ್ಸ್ ಕೂರಿಸುವ ಗನಿಸಾಬನ ಹೆಂಡತಿ, ನಾಕಾದಲ್ಲಿ ಇಂದ್ರಾಬಾಯಿಯ ಜೊತೆಗಾತಿ.

"ಒಂದು ಗುಟಕ ಕುಡಿದೆ" ಎಂದಳು ಇಂದ್ರಾಬಾಯಿ. "ತಾಜಬಿ ಮೊಮ್ಮಗಳು ಕೈನಾತ ಬಾಜೂಕ ನಿಂತು ಗ್ಲಾಸೇ ನೋಡ್ಲತ್ತಿತ್ತು. ಕೂಸಿನ ಕಣ್ಣು ಬಿದ್ದಿದ್ದು ನನ್ನ ಗಂಟಲದಾಗ ಇಳೀತದೇನು? ಅದಕ್ಕ ಕೊಟ್ಟೆ."

"ನೀ ಏನು ಮಾಡಿದಿ ಮೌಶಿ?"

"ಅರೆ, ಮೈ ಕ್ಯಾ ಕರೂ?" ಎಂದಳು ತಾಜಬಿ. "ಹತ್ತು ಮಂದಿ ಎದುರಿಗೆ ಕುಂತು ಮೀಠಾ ಒಬ್ಬಾಕೀನೇ ಕುಡ್ಯೋದು ಅಂದ್ರ ಶರಮ್ ಬರಂಗಿಲ್ಲೇನವ್ವಾ? ಥೋಡಾ ಆಕಿಗೆ, ಥೋಡಾ ಈಕಿಗೆ. ಉಳಿದಿದ್ದು ಬಾಟ್ಲಿದಾಗ ಹಾಕ್ಕೊಂಡು ಮಕ್ಕಳಿಗೆ ಒಯ್ದಿವಿ. ಸಬ್ ಲೋಗ್ ಹಂಗೇ ಮಾಡಿದ್ರು. ನಿನಗ ಖಾಲಿ ಗ್ಲಾಸ್ ವಾಪಸ್ ಕೊಟ್ಟಿವಲ್ಲ?"

ಕೊಟ್ಟಿದ್ದರು. ಎಲ್ಲ ಗ್ಲಾಸುಗಳೂ ಖಾಲಿಯಾಗಿಯೇ ಬಂದಿದ್ದವು, ತೊಳೆದು ಕೊಟ್ಟವರೂ ಇದ್ದರು. ಗಂಟಲಲ್ಲಿ ಇಳಿಯುವುದನ್ನು ನಿಂತು ನೋಡಬೇಕೆಂದು ಟ್ರೇನಿಂಗಿನಲ್ಲಿ ಕಲಿಸಿದ್ದರು. ಅವಳು ಮಾತ್ರ ಬಗ್ಗಿ ಮುಂದಿನ ಗ್ಲಾಸಿಗೆ ನಂಬರು ಅಂಟಿಸುತ್ತಿದ್ದಳು. ನಮ್ಮ ಜನ, ನಮಗೇ ಮೋಸ ಮಾಡುತ್ತಾರೆಯೇ ಎಂಬ ಧೈರ್ಯ. ಅವರು ಮೋಸ ಮಾಡಿರಲಿಲ್ಲ. ಹಂಚಿಕೊಂಡು ಕುಡಿದಿದ್ದರು. ಹಂಚದೆ ತಿನ್ನಬಾರದೆಂದು ಅವಳಿಗೂ ಚಿಕ್ಕಂದಿನಲ್ಲಿ ಕೈಗೆ ಹೊಡೆದು ಕಲಿಸಿದ್ದವರು ಇವರೇ. ಅದನ್ನು ಮರೆಯಲು ಅವಳಿಗೆ ಪಿಎಚ್.ಡಿ.ಯವರೆಗೆ ಓದಬೇಕಾಯಿತು.

ಜೋಗೇಶ್ವರಿಯ ಮಕ್ಕಳಿಗೆ ಮಾತ್ರ ಆ ಭಾನುವಾರಗಳು ಹಬ್ಬದಂತೆ ಕಳೆದಿದ್ದವು. ಡೆಕ್ಕನ್ ಮಸಲ್ ಎಂದರೆ ಆ ಮಕ್ಕಳ ಹೊಟ್ಟೆ.

ಪೋಸ್ಟಿನ ಕಮಿಟಿ ಕೂಡುವುದು ಸೋಮವಾರ ಎಂದು ಆ ಹೊತ್ತಿಗಾಗಲೇ ನಿಗದಿಯಾಗಿತ್ತು. ಗುರುವಾರ ಅವಳು ಡಾ. ಶಶಿಕಾಂತರ ಕೋಣೆಗೆ ಹೋದಳು. ಆ ಮಾತುಕತೆಯನ್ನು ಅವಳು ನನಗೆ ಹೇಳಿದ್ದು ಹೀಗೆ.

"ಸರ್, ಆ ಗ್ಲಾಸ್ ಯಾರೂ ಕುಡಿದಿಲ್ಲ."

"ಯಾರೂ ಅಂದರೆ? ಪರ್ಸೆಂಟೇಜ್ ಹೇಳು."

"ಕೇಳಿದವ್ರೆಲ್ಲಾ ಹಂಚಿವಿ ಅಂದ್ರು ಸರ್."

"ಡೇಟಾ ಅಂದ ಮೇಲೆ ಸ್ವಲ್ಪ ನಾಯ್ಸ್ ಇದ್ದೇ ಇರುತ್ತೆ ಶಿವಾ."

"ಸ್ವಲ್ಪ ಅಲ್ಲ ಸರ್. ಬರೀ ನಾಯ್ಸೇ ಅದ."

ಅವರು ಕನ್ನಡಕ ತೆಗೆದು ಒರೆಸಿದರು. "ನಿನ್ನ ತಾಯಿ ಈಗ ಹೇಗಿದ್ದಾರೆ?"

"ಒಂದು ಬೆರಳು ತೆಗೆದಾರ್ರೀ."

"ಸೋ ಸಾರಿ. ಅವರು ನಮ್ಮ ಡೇಟಾದಲ್ಲಿ ಇದ್ದಾರಾ?"

"ಒಂದನೇ ನಂಬರ್ ಅವ್ರೇ."

"ಹಾಗಾದರೆ ಅವರನ್ನು ತೆಗೆದುಬಿಡೋಣ."

ಆಸ್ಪತ್ರೆಯವರು ಬೆರಳನ್ನು ತೆಗೆದಿದ್ದರು, ಇವರು ಇಡೀ ಮುದುಕಿಯನ್ನೇ ತೆಗೆದರು. ವಿಜ್ಞಾನಿಗಳು ಯಾವತ್ತೂ ಡಾಕ್ಟರರಿಗಿಂತ ಒಂದು ಹೆಜ್ಜೆ ಮುಂದೆ.

"ನೋಡು" ಎಂದರು ಅವರು, ದನಿಯನ್ನು ತಂದೆಯಂತೆ ಮಾಡಿಕೊಂಡು. "ಸೋಮವಾರ ಇಂಟರ್‌ವ್ಯೂ. ಅದು ಮುಗಿಯಲಿ. ನೀನು ಪರ್ಮನೆಂಟ್ ಆಗು. ಆಮೇಲೆ ನಾವಿಬ್ಬರೂ ಕೂತು ಶಾಂತವಾಗಿ ಯೋಚಿಸೋಣ. ಒಂದು ವಾರದಲ್ಲಿ ಏನಾಗುತ್ತೆ?"

"ಆ ಹೆಂಗಸರಿಗೆಲ್ಲಾ ನಿಮಗ ಸಕ್ಕರಿ ಇಲ್ಲ ಅಂತ ನಾನೇ ಹೇಳೀನಿ ಸರ್. ಕಾಲಿಗೆ ಗಾಯ ಇದ್ದೋರು ಎಷ್ಟು ಮಂದಿ ಅದಾರೋ. ವಾರ ಕಾಯ್ರಿ ಅಂತ ಹೆಂಗ ಹೇಳ್ಲಿ?"

"ಅವರು ಹೇಗೂ ಕಾಯ್ತಾನೇ ಇರ್ತಾರೆ, ಶಿವಾ."

ಇದು ಅವರು ಕನ್ನಡದಲ್ಲಿ ಆಡಿದ ಅತ್ಯಂತ ಶುದ್ಧವಾದ ವಾಕ್ಯ.

ಆ ಸಂಜೆ ಶಿವಕುಮಾರಿ ಮನೆಗೆ ಹೋಗಿ ತಾಯಿಯ ಕಾಲಿನ ಪಟ್ಟಿ ಬದಲಿಸಿದಳು. ಸುಮ್ಮನಿರುವ ಯೋಚನೆ ಬರಲಿಲ್ಲವೆಂದು ಅವಳು ಹೇಳುವುದಿಲ್ಲ. ಬಂದಿತ್ತು, ರೊಟ್ಟಿ ಬಡಿಯುವಷ್ಟು ಹೊತ್ತು ಕೂತೂ ಇತ್ತು. ಹದಿನೈದು ವರ್ಷದ ಓದು, ಒಂದೇ ಒಂದು ಪೋಸ್ಟು, ಮಧ್ಯೆ ಮೂರು ದಿನ. ತಾಯಿಗೆ ಹೇಳಿದಳು. ತಾಯಿ ಮಗಳ ಹೊಟ್ಟೆಯ ಮೇಲೆ ಕಲ್ಲು ಹಾಕುವ ಮಾತು ಆಡಲಿಲ್ಲ, ನ್ಯಾಯ ನೀತಿಯನ್ನೂ ಹೇಳಲಿಲ್ಲ. "ಬಾಯಿ ಮುಚ್ಚಿಕೊಂಡಿರು" ಎಂದಳು. "ಹೋದ ಬೆರಳು ಹೋತು. ನೌಕರಿ ಬರ್ಲಿ."

ಶುಕ್ರವಾರ ವಿಭಾಗದ ವಾರದ ಸಭೆ. ವಿಜ್ಞಾನಿಗಳು, ಟ್ರೇನಿಗಳು, ಸಮೋಸ. ಶಿವಕುಮಾರಿ ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗ್ಲಾಸು, ಹಂಚಿಕೆ, ಬಾಟಲಿ, ಬೆರಳು. ಕೊನೆಗೆ, ನೋಡದೆ ಇದ್ದದ್ದು ನನ್ನ ತಪ್ಪು, ಆ ಹೆಂಗಸರನ್ನೆಲ್ಲ ಮತ್ತೆ ಪರೀಕ್ಷೆ ಮಾಡಲೇಬೇಕು ಎಂದಳು. ಸಮೋಸ ಅಗಿಯುವುದು ನಿಂತಿತು.

ಡಾ. ಶಶಿಕಾಂತರು ನಿಧಾನವಾಗಿ ಎದ್ದರು. ಒಂದು ಕ್ಷಣ ಅವರ ಮುಖ ಬಿಳಿಚಿತ್ತಂತೆ. ಆಮೇಲೆ ಅದರ ಮೇಲೆ ಒಂದು ಬೆಳಕು ಬಂತು. "ನನಗೆ ಇವತ್ತು ಹೆಮ್ಮೆ" ಎಂದರು. "ತಪ್ಪನ್ನು ಬಯಲಿನಲ್ಲಿ ಹೇಳುವ ಸಂಸ್ಕೃತಿಯನ್ನು ಈ ಲ್ಯಾಬಿನಲ್ಲಿ ನಾನು ಬೆಳೆಸಿದ್ದೇನೆ. ಈ ಪೇಪರನ್ನು ನಾನೇ ವಾಪಸು ತೆಗೆದುಕೊಳ್ಳುತ್ತೇನೆ." ಜೋರು ಚಪ್ಪಾಳೆ. ಕೆಲವರು ಎದ್ದು ನಿಂತೂ ತಟ್ಟಿದರು. ತಟ್ಟದೆ ಕೂತಿದ್ದವಳು ಶಿವಕುಮಾರಿ ಒಬ್ಬಳೇ.

ಸೋಮವಾರ ಕಮಿಟಿ ಕೂಡಿತು. ಮೇಲ್ವಿಚಾರಣೆಯಲ್ಲಿ ಇಷ್ಟು ದೊಡ್ಡ ಲೋಪ ಮಾಡಿದವರಿಗೆ ಪರ್ಮನೆಂಟ್ ಪೋಸ್ಟ್ ಹೇಗೆ ಕೊಡುವುದು ಎಂದು ಡಾ. ಶಶಿಕಾಂತರೇ ಭಾರವಾದ ಮನಸ್ಸಿನಿಂದ ಕೇಳಿದರು. ತರಬೇತಿಯನ್ನೂ ಮುಂದುವರಿಸಲಿಲ್ಲ. ಪೋಸ್ಟು ಲಾವಣ್ಯಾ ಎಂಬ ಇನ್ನೊಬ್ಬ ಟ್ರೇನಿಗೆ ಹೋಯಿತು. ಅವಳು ಕಲಿಸಿದ್ದನ್ನು ಬಿಟ್ಟು ಬೇರೇನನ್ನೂ ಕಲಿಯದ ಹುಡುಗಿ, ಇಲಿಗಳ ಲೋಕದಿಂದ ಆಚೆಗೆ ಬಂದವಳಲ್ಲ. ಇಲಿಗಳು ಹಂಚಿಕೊಂಡು ಕುಡಿಯುವುದಿಲ್ಲ.

ಡಾ. ಶಶಿಕಾಂತರು ಈಗ ಊರೂರಿಗೆ ಹೋಗಿ ಹೊಸ ಉಪನ್ಯಾಸ ಕೊಡುತ್ತಾರೆ. ವಿಷಯ, ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ. ಮೊದಲ ಸ್ಲೈಡಿನಲ್ಲಿ ಅರ್ಧ ತುಂಬಿದ ಗ್ಲಾಸಿನ ಚಿತ್ರ. ಎರಡನೆಯದರಲ್ಲಿ ಮಸಲ್ ತೋರಿಸುತ್ತಿರುವ ಇಂದ್ರಾಬಾಯಿ. ಶಿವಕುಮಾರಿ ಏಳನೆಯ ಸ್ಲೈಡಿನಲ್ಲಿ ಬರುತ್ತಾಳೆ, "ಒಬ್ಬ ಟ್ರೇನಿ" ಎಂದು.

ಶರಣಬಸಪ್ಪನವರು ಫೋನ್ ಮಾಡಿ ಬೈದರು. "ಮೊದ್ಲಿನ ರಿಪೋರ್ಟೇ ಛಲೋ ಇತ್ತಲ್ಲೇ ತಂಗಿ. ಅದನ್ಯಾಕ ಕೆದರ್ಲಿಕ್ಕ ಹೋದಿ? ನಾ ಸಭಾದಾಗ ಮಾತಾಡೀನಿ, ಪೇಪರ್‌ದಾಗ ಫೋಟೋ ಬಂದದ. ಈಗೇನು ನನ್ನ ಭಾಷಣಾನೂ ವಾಪಸ್ ತಗೋಬೇಕೇನು?" ತೆಗೆದುಕೊಳ್ಳಲಿಲ್ಲ. ಲಿಫ್ಟನ್ನೂ ಹಾಕಿಸಲಿಲ್ಲ.

ಶಿವಕುಮಾರಿಗೆ ಮಲಾಡಿನಲ್ಲಿ, ನಮ್ಮ ಸೊಸೈಟಿಯ ಹತ್ತಿರದ ರಕ್ತಪರೀಕ್ಷೆಯ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವಳು ಎಲ್ಲರಿಗಿಂತ ಹೆಚ್ಚು ಓದಿದವಳೆಂದು ಮಾಲೀಕನಿಗೆ ಗೊತ್ತಾದ ದಿನ ಫ್ರಿಜ್ ಒರೆಸುವ ಕೆಲಸವನ್ನೂ ಕೊಟ್ಟ. ಭಾನುವಾರ ಮಾತ್ರ ಅವಳು ಮತ್ತೆ ನಾಕಾಕ್ಕೆ ಹೋಗುತ್ತಾಳೆ. ಅದೇ ಫ್ಲೈಓವರ್ ಕೆಳಗೆ ಎರಡು ಕಂಬಗಳ ನಡುವೆ ತಾಯಿಯ ಹಳೆಯ ಸೀರೆ ಕಟ್ಟುತ್ತಾಳೆ. ಸೀರೆಯ ಹಿಂದೆ ಒಂದೇ ಸ್ಟೂಲು. ಒಬ್ಬಳನ್ನು ಒಳಗೆ ಕರೆದು, ಯಾರ ಕಣ್ಣೂ ಬೀಳದ ಹಾಗೆ ಕುಡಿಸುತ್ತಾಳೆ. ಈಗ ಎರಡು ಸೂಜಿ, ಮೊದಲಿಗೊಂದು, ಎರಡು ತಾಸಿನ ಮೇಲೊಂದು. ಯಾರೂ ತಕರಾರು ಮಾಡಲಿಲ್ಲ.

ಸೀರೆಯ ಈಚೆ ಇಂದ್ರಾಬಾಯಿ ಕುರ್ಚಿ ಹಾಕಿಕೊಂಡು ಕಾವಲು. ಮಕ್ಕಳು ಬಂದರೆ ಕೋಲು ಎತ್ತುತ್ತಾಳೆ. ಒಳಗೆ ಕೂತವಳಿಗೆ ಸೀರೆಯ ಅಂಚು ಸರಿಸಿ ಗದರುತ್ತಾಳೆ: "ನುಂಗು. ಇನ್ನೊಂದು ಗುಟಕ. ಬಾಯಿ ತೆಗಿ, ನೋಡ್ತೀನಿ. ಆ ಅನ್ನು." ಕೈನಾತ ಒಂದು ಸಲ ಹತ್ತಿರ ಬಂದು ನಿಂತು ಗ್ಲಾಸನ್ನೇ ನೋಡಿತಂತೆ. ಇಂದ್ರಾಬಾಯಿ ಅದಕ್ಕೆ ತನ್ನ ಎಡಗಾಲು ತೋರಿಸಿದಳು. ಮಗು ಮತ್ತೆ ಬರಲಿಲ್ಲ.

ಇದಕ್ಕೆಲ್ಲ ಹೆಂಗಸರು ಶಿವಕುಮಾರಿಯನ್ನು ಹರಸಿದರೆಂದು ತಿಳಿಯಬೇಡಿ. ಸಾಕಷ್ಟು ಜನಕ್ಕೆ ಸಕ್ಕರೆ ಇರುವುದು ಗೊತ್ತಾಯಿತು. ರಾಚವ್ವನಿಗೂ ಇತ್ತು. ಅವಳು ನಾಕಾದ ನಡುವೆ ನಿಂತು ಕೈ ತಿರುವಿ ಹೇಳಿದಳು: "ಮೊದ್ಲ ಸಲ ನೋಡಿದಾಗ ನನಗೇನೂ ಇದ್ದಿಲ್ಲ. ಛಂದ ಇದ್ದೆ, ನಮ್ಮೆಲ್ಲರ ಹೆಸರಿಲೆ ಶಾಲು ಹೊಚ್ಚಿ ಚಪ್ಪಾಳಿ ಬಡದ್ರು. ಈಗ ಇಕಿ ನೌಕರಿ ಹೋದ ಸಿಟ್ಟಿಗೆ ಮಂದೀಗೆಲ್ಲಾ ರೋಗ ಹಚ್ಚಿ ಕಳಸ್ಲತ್ತಾಳ." ಶರಣಬಸಪ್ಪನವರ ಟೆಂಪೋ ಸಕ್ಕರೆ ಇದ್ದವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂಬ ಸುದ್ದಿ ಬಂದ ಮೇಲೆ ಸೀರೆಯ ಹಿಂದೆ ಬರುವವರು ಇನ್ನೂ ಕಡಿಮೆಯಾದರು. ಬಂದವರಲ್ಲಿ ಕೆಲವರು ಬೇರೆಯವರ ಹೆಸರು ಹೇಳುತ್ತಾರೆ. ಶಿವಕುಮಾರಿ ಆ ಹೆಸರಿಗೇ ಮಾತ್ರೆ ಬರೆಸಿ ಕೊಡಿಸುತ್ತಾಳೆ.

ಹೋದ ಭಾನುವಾರ ನಾನು ಹೋಗಿದ್ದೆ. ನನಗೆ ಸಕ್ಕರೆ ಇಲ್ಲವೆಂಬುದು ನನ್ನ ಅಭಿಪ್ರಾಯ. ರಕ್ತದ ಅಭಿಪ್ರಾಯವನ್ನು ಈ ಐವತ್ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಜನ ಯಾರೂ ಇರಲಿಲ್ಲ. ಮೊದಲ ಸೂಜಿ ಆಯಿತು. ಸೀರೆಯ ಹಿಂದಿನ ಸ್ಟೂಲಿನ ಮೇಲೆ ಕೂತು ಗ್ಲಾಸು ಎತ್ತಿದೆ. ಮೊದಲೆಲ್ಲ ಜೋಗೇಶ್ವರಿಯ ಮಕ್ಕಳು ಹೊಡೆದಾಡಿ ಕುಡಿದದ್ದು ಇದನ್ನೇನಾ ಎನ್ನಿಸಿತು. ನಾಲಿಗೆಗೆ ಅಂಟುವ ಸಿಹಿ, ಮೂರನೆಯ ಗುಟುಕಿಗೆ ವಾಕರಿಕೆ ಬಂತು. ಸೀರೆಯಾಚೆಯಿಂದ ಇಂದ್ರಾಬಾಯಿ, "ಕಾಕಾ, ನುಂಗಿದ್ರೇನ್ರೀ?" ಎಂದು ಕೂಗಿದಳು. ನಾನು ಶಿವಕುಮಾರಿಯ ಕಡೆ ನೋಡಿದೆ. ಅವಳು ಈ ಸಲ ಬಗ್ಗಿರಲಿಲ್ಲ. ಎದುರಿಗೆ ನೆಟ್ಟಗೆ ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಬಹಳ ಸಿಹಿಯಮ್ಮ" ಎಂದೆ. "ತಳದಲ್ಲಿ ಒಂಚೂರು ಬಿಟ್ಟರೆ ನಡೆಯುತ್ತದೆಯೇ?"

"ಯಾವ ಬೆರಳು ಬ್ಯಾಡಾಗ್ಯದ ಹೇಳ್ರಿ ಕಾಕಾ" ಎಂದಳು ಅವಳು. "ಅಷ್ಟು ಬಿಡ್ರಿ."